ಹರಿಯದ ಗಾಜು, ತೊಟ್ಟಿಕ್ಕುವ ಡಾಂಬರು

ಯೂರೋಪಿನ ಹಳೆಯ ಚರ್ಚುಗಳನ್ನು ನೋಡಲು ಹೋದವರಿಗೆ ಅಲ್ಲಿನ ಮಾರ್ಗದರ್ಶಿಗಳು ಒಂದು ಸ್ವಾರಸ್ಯದ ಮಾತು ಹೇಳುವುದುಂಟು. ಕಿಟಕಿಯ ಗಾಜುಗಳು ಮೇಲೆ ತೆಳ್ಳಗೆ, ಕೆಳಗೆ ದಪ್ಪಗೆ ಇವೆಯಂತೆ. ಗಾಜು ಘನವಸ್ತುವೇ ಅಲ್ಲ, ಬಲು ನಿಧಾನವಾಗಿ ಹರಿಯುವ ದ್ರವವಂತೆ. ಏಳೆಂಟು ನೂರು ವರ್ಷಗಳಲ್ಲಿ ಅದು ತುಸುತುಸುವೇ ಕೆಳಗಿಳಿದಿದೆಯಂತೆ. ಕೇಳಲು ಚೆನ್ನಾಗಿದೆ ಎಂಬ ಕಾರಣಕ್ಕೋ ಏನೋ, ಈ ಮಾತು ಪುಸ್ತಕಗಳೊಳಕ್ಕೂ ನುಸುಳಿಬಿಟ್ಟಿದೆ.

ಅದು ನಿಜವಾಗಿದ್ದರೆ, ಎರಡು ಸಾವಿರ ವರ್ಷ ಹಳೆಯದಾದ ರೋಮನ್ನರ ಗಾಜಿನ ಹೂಜಿಗಳು ಇಷ್ಟರಲ್ಲಿ ಕೊರಳು ಬಾಗಿ ಕುಸಿದಿರಬೇಕಿತ್ತು. ಅವು ವಸ್ತುಸಂಗ್ರಹಾಲಯಗಳಲ್ಲಿ ನೆಟ್ಟಗೆ ನಿಂತಿವೆ. ಕಿಟಕಿ ಗಾಜಿನ ಏರುಪೇರಿಗೆ ಕಾರಣ ಅದನ್ನು ತಯಾರಿಸುತ್ತಿದ್ದ ಕ್ರಮ. ಕರಗಿದ ಗಾಜನ್ನು ಕೊಳವೆಯ ತುದಿಯಲ್ಲಿ ಊದಿ, ಗರಗರನೆ ತಿರುಗಿಸಿ ತಟ್ಟೆಯಂತೆ ಹರಡಿ, ಆರಿದ ಮೇಲೆ ಕತ್ತರಿಸುವುದು ಒಂದು ಪದ್ಧತಿಯಾಗಿತ್ತು. ಅಂಥ ತುಂಡು ಎಲ್ಲೆಡೆ ಒಂದೇ ದಪ್ಪವಿರುವುದು ಸಾಧ್ಯವಿಲ್ಲ. ದಪ್ಪ ಅಂಚನ್ನು ಕೆಳಗಿಡುವುದು ಕೂಡಿಸುವವನಿಗೆ ಸಹಜವಾಗಿ ತೋಚುವ ಉಪಾಯ. ದಪ್ಪ ಅಂಚು ಮೇಲಿರುವ ಗಾಜುಗಳೂ ಇವೆ. ಮಾರ್ಗದರ್ಶಿ ಅವನ್ನು ತೋರಿಸುವುದಿಲ್ಲ, ಅಷ್ಟೆ.

ಬ್ರೆಜಿಲ್‌ನ ವಿಜ್ಞಾನಿ ಎಡ್ಗರ್ ಝನೊಟ್ಟೊ 1998ರಲ್ಲಿ ಲೆಕ್ಕ ಹಾಕಿ, ಕಣ್ಣಿಗೆ ಕಾಣುವಷ್ಟು ಹರಿಯಲು ಗಾಜಿಗೆ ವಿಶ್ವದ ವಯಸ್ಸೂ ಸಾಲದು ಎಂದರು. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಮಧ್ಯಯುಗದ ಗಾಜಿನ ಸಂಯೋಜನೆಯನ್ನೇ ಹೊಂದಿದ ಗಾಜನ್ನು ಪರೀಕ್ಷಿಸಿತು. ನೂರು ಕೋಟಿ ವರ್ಷಕ್ಕೆ ಹೆಚ್ಚೆಂದರೆ ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು!

ಹಾಗಾದರೆ ಗಾಜನ್ನು ದ್ರವವೆನ್ನುವ ಮಾತು ಹುಟ್ಟಿದ್ದಾದರೂ ಏಕೆ? ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಕಲ್ಲುಸಕ್ಕರೆಯನ್ನು ನೋಡಿ. ದಾರಕ್ಕೆ ಅಂಟಿಕೊಂಡು ನಿಧಾನವಾಗಿ ಬೆಳೆದ ಹರಳು ಅದು. ಒಳಗಿನ ಕಣಗಳು ಕವಾಯತಿಗೆ ನಿಂತಂತೆ ಸಾಲಾಗಿವೆ. ಕಡಲೆಬೀಜದ ಚಿಕ್ಕಿಯೂ ಸಿಹಿಯೇ, ಕಟಕಟನೆ ಮುರಿಯುವಂಥದೇ. ಆದರೆ ಗಟ್ಟಿ ಪಾಕ ಬೇಗ ಆರಿದಾಗ ಕಣಗಳಿಗೆ ಸಾಲುಗಟ್ಟಲು ಪುರಸತ್ತು ಸಿಗುವುದಿಲ್ಲ. ದ್ರವದಲ್ಲಿದ್ದ ಗೊಂದಲದಲ್ಲೇ ಸೆಟೆದು ನಿಂತುಬಿಡುತ್ತವೆ. ಗಾಜಿನ ಸ್ಥಿತಿಯೆಂದರೆ ಇದೇ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಾದರೆ ಚಿಕ್ಕಿ ತೇವ ಹೀರಿ ಮೆತ್ತಗಾಗಿ ಕೈಗಂಟುತ್ತದಲ್ಲ, ಆಗ ಸೆಟೆದಿದ್ದ ಕಣಗಳಿಗೆ ಮತ್ತೆ ಅಲುಗಾಟ ಬಂದಿರುತ್ತದೆ. ಕಿಟಕಿ ಗಾಜಿಗೆ ಅಂಥ ಸಡಿಲಿಕೆ ಬರಬೇಕಾದರೆ ಐದಾರು ನೂರು ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಒಳಗಿನ ಜೋಡಣೆಯಲ್ಲಿ ದ್ರವದ ಹೋಲಿಕೆ, ನಡತೆಯಲ್ಲಿ ಅಪ್ಪಟ ಘನ.

ಇದಕ್ಕೆ ತದ್ವಿರುದ್ಧ ಪಿಚ್ ಎಂಬ ವಸ್ತು. ಕ್ರಿಕೆಟ್ಟಿನದಲ್ಲ, ಡಾಂಬರಿನ ಬಳಗಕ್ಕೆ ಸೇರಿದ, ಹಿಂದೆ ಹಡಗುಗಳ ಸಂದುಗಳಿಗೆ ಮೆತ್ತುತ್ತಿದ್ದ ಕಪ್ಪು ಪದಾರ್ಥ. ಸುತ್ತಿಗೆಯಿಂದ ಹೊಡೆದರೆ ಚೂರುಚೂರಾಗುತ್ತದೆ. ಆದರೂ ಅದು ದ್ರವವೆಂದು ವಿದ್ಯಾರ್ಥಿಗಳಿಗೆ ತೋರಿಸಲು ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಥಾಮಸ್ ಪಾರ್ನೆಲ್ 1927ರಲ್ಲಿ ಕಾಸಿದ ಪಿಚ್ಚನ್ನು ಗಾಜಿನ ಆಲಿಕೆಗೆ ಸುರಿದರು. ಅದು ತಳದಲ್ಲಿ ಕೂರಲು ಮೂರು ವರ್ಷ ಬಿಟ್ಟು, 1930ರಲ್ಲಿ ಆಲಿಕೆಯ ತುದಿ ಕತ್ತರಿಸಿದರು. ಮೊದಲ ಹನಿ ಬಿದ್ದದ್ದು 1938ರಲ್ಲಿ. ಪಿಚ್ಚಿನ ಸ್ನಿಗ್ಧತೆ ನೀರಿನದಕ್ಕಿಂತ ಸುಮಾರು 23,000 ಕೋಟಿ ಪಟ್ಟು ಹೆಚ್ಚು ಎಂದು ಆಮೇಲೆ ಲೆಕ್ಕ ಸಿಕ್ಕಿತು.

ಪಾರ್ನೆಲ್ ತೀರಿಕೊಂಡ ಬಹುಕಾಲದ ನಂತರ, 1961ರಲ್ಲಿ, ಜಾನ್ ಮೇನ್‌ಸ್ಟೋನ್ ಇದರ ಕಾವಲಿಗೆ ನಿಂತರು. ಆ ಬಳಿಕ ಐದು ಹನಿಗಳು ಬಿದ್ದರೂ ಬೀಳುವ ಗಳಿಗೆಯನ್ನು ಕಣ್ಣಾರೆ ಕಾಣುವ ಯೋಗ ಅವರಿಗಿರಲಿಲ್ಲ. 1988ರಲ್ಲಿ ಬಾಯಾರಿಕೆಯೆಂದು ಐದು ನಿಮಿಷ ಆಚೆ ಹೋದರು, ಹನಿ ಬಿತ್ತು. 2000ದಲ್ಲಿ ಕ್ಯಾಮೆರಾ ಇಟ್ಟಿದ್ದರು, ಅದು ಕೆಟ್ಟಿತು. 2013ರ ಜುಲೈನಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ, 1944ರಿಂದ ನಡೆಯುತ್ತಿದ್ದ ಇಂಥದೇ ಪ್ರಯೋಗದ ಹನಿಯೊಂದು ಬೀಳುವುದು ಮೊದಲ ಬಾರಿಗೆ ಚಿತ್ರೀಕರಣಗೊಂಡಿತು. ಮುಂದಿನ ತಿಂಗಳೇ ಮೇನ್‌ಸ್ಟೋನ್ ನಿಧನರಾದರು. ಅವರು ಕಾಯುತ್ತಿದ್ದ ಒಂಬತ್ತನೆಯ ಹನಿ 2014ರ ಏಪ್ರಿಲ್‌ನಲ್ಲಿ ಕೆಳಗಿದ್ದ ಎಂಟನೆಯದನ್ನು ಮುಟ್ಟಿತು. ಆಲಿಕೆಯಲ್ಲಿ ಆಗ ಉಳಿದಿದ್ದ ಪಿಚ್ಚು ಇನ್ನೊಂದು ನೂರು ವರ್ಷಕ್ಕೆ ಸಾಕಾಗುವಷ್ಟಿತ್ತು.