ನಿಮಗಿದು ಗೊತ್ತೆ? ಹಡಗಿನ ಬೆಲೆಯೂ ಸವೆಯುತ್ತದೆ!

ಕಿತ್ತೂರು ತಾಲ್ಲೂಕಿನ ದೇಗಾಂವದ ಕಮಲನಾರಾಯಣ ಗುಡಿ 12ನೇ ಶತಮಾನದ್ದು. ಕಟ್ಟಿಸಿದವಳು ಗೋವಾ ಕದಂಬರ ರಾಣಿ ಕಮಲಾದೇವಿ. ಅವಳ ಮನೆತನಕ್ಕೆ ಸಿರಿ ತಂದದ್ದು ಕಡಲ ವ್ಯಾಪಾರ. ಇಂದು ಈ ಸೀಮೆಯ ರೈತನಿಗೆ ಟ್ರ್ಯಾಕ್ಟರೇ ಹಡಗು. ಎರಡರ ಬೆಲೆಯೂ ವರ್ಷ ಕಳೆದಂತೆ ಇಳಿಯುತ್ತದೆ.

● 1962ರ ಆದಾಯ ತೆರಿಗೆ ನಿಯಮಗಳಲ್ಲಿ ವ್ಯವಹಾರಕ್ಕೆ ಬಳಸುವ ಹಡಗು, ದೋಣಿಗಳಿಗೆ ವರ್ಷಕ್ಕೆ ಶೇ 20, ಸಾಮಾನ್ಯ ಯಂತ್ರಗಳಿಗೆ ಶೇ 15 ಸವಕಳಿ (ಲೆಕ್ಕದಲ್ಲಿ ಕಳೆಯುವ ಬೆಲೆ) ನಿಗದಿಯಾಗಿತ್ತು.

● ಸವಕಳಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ. ಹಾಗಾಗಿ ₹10 ಲಕ್ಷದ ದೋಣಿ ಮೊದಲ ವರ್ಷ ₹2 ಲಕ್ಷ ಕಳೆದುಕೊಂಡರೆ, ಐದನೇ ವರ್ಷ ಕಳೆದುಕೊಳ್ಳುವುದು ಸುಮಾರು ₹82 ಸಾವಿರ ಮಾತ್ರ.

● ಐದು ವರ್ಷಗಳ ನಂತರ ಲೆಕ್ಕದಲ್ಲಿ ಉಳಿಯುವುದು ದೋಣಿಗೆ ಸುಮಾರು ₹3.28 ಲಕ್ಷ, ಅಷ್ಟೇ ಬೆಲೆಯ ಯಂತ್ರಕ್ಕೆ ₹4.44 ಲಕ್ಷ.

● ಲೆಕ್ಕ ಏನೇ ಇರಲಿ, ಮಾರುಕಟ್ಟೆ ನೋಡುವುದು ಸ್ಥಿತಿಯನ್ನು. ವಿಹಾರ ನೌಕೆಯ ತಳಕ್ಕೆ ಅಂಟಿದ ಚಿಪ್ಪುಜೀವಿಗಳನ್ನು ಕೆರೆದು ಬಣ್ಣ ಬಳಿಯಬೇಕು. ಉಪ್ಪುನೀರು ತಾಗಿದ ಎಂಜಿನ್ನನ್ನು ಸಿಹಿನೀರಿನಲ್ಲಿ ತೊಳೆಯಬೇಕು.

● ಟ್ರ್ಯಾಕ್ಟರ್ ನೆರಳಿನಲ್ಲಿರಲಿ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿ, ಸರ್ವಿಸ್ ರಸೀದಿಗಳನ್ನು ಜೋಪಾನವಾಗಿಡಿ. ಮಾರುವ ದಿನ ಆ ರಸೀದಿಗಳೇ ನಿಮ್ಮ ಪರ ಮಾತನಾಡುತ್ತವೆ.