ಬ್ಯಾಡಗಿ ಟೆಂಡರ್ ಲೆಕ್ಕದಲ್ಲಿ ಪುಣೆಯ ಕಾರು

‘ಸರ, ನೀವು ಕನ್ನಡದವ್ರೇನ್ರಿ?’

ಕಳೆದ ಡಿಸೆಂಬರ್‌ನ ಮೊದಲ ಶನಿವಾರ, ಪುಣೆಯ ಹೆದ್ದಾರಿ ಪಕ್ಕದ ಶೋರೂಮಿನಲ್ಲಿ ಈ ಪ್ರಶ್ನೆ ಕೇಳಿದ್ದು ನನಗೆ ಕಾರು ತೋರಿಸುತ್ತಿದ್ದ ಸೇಲ್ಸ್ ಹುಡುಗ. ಮನೆಯಿಂದ ಹೆಂಡತಿ ಫೋನ್ ಮಾಡಿದಾಗ ‘ಅರ್ಧ ತಾಸಿನಾಗ ಬರ್ತೀನಿ’ ಅಂದಿದ್ದೆ. ಅದು ಅವನ ಕಿವಿಗೆ ಬಿದ್ದಿತ್ತು. ಅಲ್ಲಿಯವರೆಗೆ ಹಿಂದಿ, ಇಂಗ್ಲಿಷ್ ಮತ್ತು ನನ್ನ ಅರೆಬರೆ ಮರಾಠಿಯಲ್ಲಿ ನಡೆದಿದ್ದ ಮಾತು ಅಲ್ಲಿಂದ ಕನ್ನಡಕ್ಕೆ ತಿರುಗಿತು. ‘ನಮ್ದು ಅಥಣಿ ಕಡೆ ರೀ’ ಎಂದ. ನಾನು ಬ್ಯಾಡಗಿ ಎಂದೆ. ‘ಏ, ಮೆಣಸಿನಕಾಯಿ ಊರವ್ರು!’ ಎಂದು ಒಳಗೆ ಹೋಗಿ ತಾನೇ ಚಹಾ ತಂದ.

ಆ ಚಹಾ ನನಗೆ ಐದು ಲಕ್ಷಕ್ಕೆ ಬೀಳುವುದರಲ್ಲಿತ್ತು.

ಪುಣೆಗೆ ಬಂದು ಒಂಬತ್ತು ವರ್ಷವಾಯಿತು. ಸುರತ್ಕಲ್‌ನಲ್ಲಿ ಎಂ.ಟೆಕ್ ಮುಗಿಸಿ ಬೆಂಗಳೂರಿನಲ್ಲಿ ಒಂದಿಷ್ಟು ದಿನ ಇದ್ದು ಇಲ್ಲಿಗೆ ಬಂದವನು. ಇಷ್ಟು ವರ್ಷ ಒಂದೇ ಹಳೆಯ ಸಣ್ಣ ಕಾರು. ಅವ್ವನಿಗೆ ಮೊಣಕಾಲು ನೋವು, ಮಗಳಿಗೆ ಆರು ವರ್ಷ, ಊರಿಗೆ ಐನೂರು ಕಿಲೋಮೀಟರಿನ ಆಸುಪಾಸು ದಾರಿ. ಇವೆಲ್ಲ ಕಾರಣಗಳು ನಿಜ. ಆದರೆ ಅವಕ್ಕೆಲ್ಲ ಇಪ್ಪತ್ತು ಲಕ್ಷದ ಗಾಡಿಯೂ ಸಾಕಾಗುತ್ತಿತ್ತು. ಜರ್ಮನ್ ಕಂಪನಿಯ ಎಸ್‌ಯುವಿ ಬೇಕು ಅನ್ನಿಸಿದ್ದು ಆಸೆಯಿಂದಲೇ. ಅದನ್ನು ಮುಚ್ಚಿಡುವುದಿಲ್ಲ. ಅದಕ್ಕಾಗಿ ನಾಲ್ಕು ವರ್ಷ ಹಣ ಕೂಡಿಸಿದ್ದೆ.

ಅಥಣಿ ಹುಡುಗ ಕೊಟ್ಟ ಕೊಟೇಶನ್ ಹೀಗಿತ್ತು. ಎಕ್ಸ್ ಶೋರೂಮ್ ಬೆಲೆ 50 ಲಕ್ಷ. ರಸ್ತೆ ತೆರಿಗೆ 6.50 ಲಕ್ಷ. ಟಿಸಿಎಸ್ 50 ಸಾವಿರ. ವಿಮೆ 2.15 ಲಕ್ಷ. ಎಕ್ಸ್‌ಟೆಂಡೆಡ್ ವಾರಂಟಿ ಮತ್ತು ಸರ್ವಿಸ್ ಪ್ಯಾಕೇಜ್ ಸೇರಿ 1.60 ಲಕ್ಷ. ಆಕ್ಸೆಸರಿ ಕಿಟ್ 85 ಸಾವಿರ. ರಿಜಿಸ್ಟ್ರೇಶನ್, ಫಾಸ್ಟ್‌ಟ್ಯಾಗ್, ಹ್ಯಾಂಡ್ಲಿಂಗ್ ಎಲ್ಲ ಸೇರಿ 40 ಸಾವಿರ. ಆನ್ ರೋಡ್ ಒಟ್ಟು 62 ಲಕ್ಷ.

‘ಏನರ ಕಡಿಮಿ ಮಾಡ್ರಿ’ ಎಂದೆ, ಅದೂ ಸಂಕೋಚದಿಂದಲೇ.

‘ಸರ, ಸೆಪ್ಟೆಂಬರ್‌ನಾಗ ಜಿಎಸ್‌ಟಿ ಇಳದು ಲಕ್ಷಗಟ್ಟಲೆ ಕಡಿಮಿ ಆಗೇತ್ರಿ. ಇನ್ನೇನ್ ಕೇಳ್ತೀರಿ? ನಮ್ಮ ಕಡೆಯವ್ರು ಅಂತ ಮ್ಯಾನೇಜರ್‌ಗೆ ಹೇಳಿ ಐವತ್ತು ಸಾವಿರ ಬಿಡಸ್ತೀನಿ, ಮ್ಯಾಟ್ ಫ್ರೀ. ನಿಮ್ಗ ಮೋಸ ಮಾಡ್ತೀನೇನ್ರಿ?’

ಒಂಬತ್ತು ವರ್ಷದಲ್ಲಿ ತರಕಾರಿಯವನಿಂದ ಹಿಡಿದು ಮನೆ ಮಾಲೀಕರವರೆಗೆ ಎಲ್ಲರ ಹತ್ತಿರ ಚೌಕಾಸಿ ಮಾಡಿದವನು ನಾನು. ಕಚೇರಿಯಲ್ಲಿ ವೆಂಡರ್‌ಗಳ ಜತೆ ದರ ಮಾತಾಡುವುದು ನನ್ನ ಕೆಲಸದ ಭಾಗವೇ. ಆದರೆ ಪರ ಊರಿನಲ್ಲಿ ನಮ್ಮ ಮಾತಾಡುವವನೊಬ್ಬ ಸಿಕ್ಕು, ಅವನೆದುರು ‘ಇನ್ನೂ ಕಡಿಮಿ ಮಾಡು’ ಎನ್ನಲು ನಾಲಿಗೆ ಏಳಲಿಲ್ಲ. ಮರುದಿನ ಬಂದು ಬುಕಿಂಗ್ ಮಾಡುತ್ತೇನೆಂದು ಹೇಳಿ ಹೊರಟೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ಬೆಲೆ ಕೇಳಿ ಬೈಯುತ್ತಾರೆ ಅಂದುಕೊಂಡಿದ್ದೆ. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಷ್ಟ ಕಡೆ ಕೇಳಿದಿ?’ ಎಂದರು.

‘ಒಂದ ಕಡೆ. ಹುಡುಗ ನಮ್ಮ ಕಡೆಯವ. ಅಥಣಿ.’

‘ಒಬ್ಬನ ಮುಂದ ಚೀಲ ಬಿಚ್ಚಿದ್ರ ರೇಟು ಹೆಂಗ ತಿಳಿತೈತಿ ತಮ್ಮಾ? ತಾಯಿ ಮಕ್ಕಳಾದ್ರೂ ಬಾಯಿ ಹೊಟ್ಟಿ ಬ್ಯಾರೆ.’

ಅಪ್ಪನದು ಮೂರು ಎಕರೆ ಹೊಲ. ಬ್ಯಾಡಗಿ ಮಾರುಕಟ್ಟೆ ನೋಡದವರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಮೆಣಸಿನಕಾಯಿ ಮಾರಾಟ ನಡೆಯುವುದು ಟೆಂಡರ್‌ನಲ್ಲಿ. ರೈತರು ಚೀಲ ಬಿಚ್ಚಿ ಮಾಲು ತೋರಿಸುತ್ತಾರೆ. ಖರೀದಿದಾರರು ಒಬ್ಬೊಬ್ಬರೇ ಬಂದು ಬಣ್ಣ, ಸುಕ್ಕು, ತೇವ ನೋಡಿ ತಮ್ಮ ತಮ್ಮ ದರ ಹಾಕುತ್ತಾರೆ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ. ಹೆಚ್ಚು ಹಾಕಿದವರಿಗೆ ಮಾಲು. ಆ ದರವೂ ರೈತನಿಗೆ ಒಪ್ಪಿಗೆಯಾಗದಿದ್ದರೆ ಬೇಡ ಎನ್ನಬಹುದು. ಕ್ವಿಂಟಲ್‌ಗೆ ಇನ್ನೂರು ರೂಪಾಯಿ ಕಡಿಮೆ ಬಂತೆಂದು ಅಪ್ಪ ಟೆಂಡರ್ ಬಿಟ್ಟು, ಚೀಲ ಅಲ್ಲೇ ಇಟ್ಟು, ಮುಂದಿನ ಮಾರುಕಟ್ಟೆ ದಿನದವರೆಗೆ ಕಾದದ್ದನ್ನು ನಾನು ಹುಡುಗನಿದ್ದಾಗ ಕಣ್ಣಾರೆ ನೋಡಿದ್ದೇನೆ. ದಲಾಲಿ ಅಂಗಡಿಯವರು ಅಪ್ಪನಿಗೆ ನಲವತ್ತು ವರ್ಷದ ಪರಿಚಯ. ಮನೆಯ ಮದುವೆಗೂ ಬರುತ್ತಾರೆ. ಆದರೂ ದರದ ಮಾತು ಟೆಂಡರ್‌ನಲ್ಲೇ.

ಭಾನುವಾರ ಬೆಳಿಗ್ಗೆ ಕೂತು ನಾನೂ ಒಂದು ಟೆಂಡರ್ ಕರೆದೆ. ಒಂದೇ ಮಾಡೆಲ್, ಒಂದೇ ವೇರಿಯಂಟ್, ಒಂದೇ ಬಣ್ಣ. ಪುಣೆಯ ಇಬ್ಬರು ಡೀಲರ್‌ಗಳಿಗೆ, ಮುಂಬೈನ ಒಬ್ಬರಿಗೆ ಒಂದೇ ಇಮೇಲ್. ಕೇಳಿದ್ದು ನಾಲ್ಕು ಸಂಗತಿ: ಪ್ರತಿ ಬಾಬತ್ತಿನ ಬೆಲೆ ಬೇರೆ ಬೇರೆಯಾಗಿ ಬರೆಯಿರಿ. ರಿಯಾಯಿತಿಯನ್ನು ಟ್ಯಾಕ್ಸ್ ಇನ್‌ವಾಯ್ಸ್‌ನಲ್ಲೇ ತೋರಿಸಿ. ಕಾರು ಯಾವ ತಿಂಗಳು ತಯಾರಾದದ್ದು ಎಂದು ವಿನ್ ನಂಬರ್ ಸಮೇತ ತಿಳಿಸಿ. ಗುರುವಾರ ಸಂಜೆಯೊಳಗೆ ಕೊಡಿ, ಶುಕ್ರವಾರ ಒಬ್ಬರಿಗೆ ಬುಕಿಂಗ್ ಹಣ ಹಾಕುತ್ತೇನೆ. ಅಥಣಿ ಹುಡುಗನಿಗೂ ಅದೇ ಇಮೇಲ್ ಕಳಿಸಿ, ಫೋನ್ ಮಾಡಿ ಹೇಳಿದೆ. ಅವನ ದನಿ ಸಣ್ಣಗಾಯಿತು. ‘ಆತ್ರಿ ಸರ’ ಎಂದಷ್ಟೇ ಹೇಳಿದ.

ಉತ್ತರ ಬರುವವರೆಗೆ ಕೊಟೇಶನ್ನಿನ ಒಂದೊಂದು ಸಾಲನ್ನೂ ಓದಿದೆ. ಆಗ ಗೊತ್ತಾಗಿದ್ದು, ಆನ್ ರೋಡ್ ಬೆಲೆ ಎನ್ನುವುದು ಒಂದು ಬೆಲೆಯೇ ಅಲ್ಲ. ಅದರಲ್ಲಿ ಸರ್ಕಾರದ್ದು ಒಂದು ಪಾಲು, ಡೀಲರ್‌ದು ಒಂದು ಪಾಲು, ನನಗೆ ಬೇಕಿಲ್ಲದ್ದು ಒಂದು ಪಾಲು.

ಸರ್ಕಾರದ ಪಾಲಿನಲ್ಲಿ ಚೌಕಾಸಿ ಇಲ್ಲ. 1500 ಸಿಸಿ ಮೀರಿದ ದೊಡ್ಡ ಎಸ್‌ಯುವಿಗಳ ಮೇಲೆ ಮೊದಲು ಶೇ 28 ಜಿಎಸ್‌ಟಿ, ಶೇ 22 ಸೆಸ್ ಸೇರಿ ಶೇ 50 ಇತ್ತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ಒಟ್ಟು ಶೇ 40 ಆಯಿತು. ಬೆಲೆ ಇಳಿದದ್ದು ನಿಜ, ಆದರೆ ಅದು ಸರ್ಕಾರ ಬಿಟ್ಟ ಹಣ, ಡೀಲರ್ ಬಿಟ್ಟದ್ದಲ್ಲ. ಅದನ್ನು ತೋರಿಸಿ ಡಿಸ್ಕೌಂಟ್ ತಪ್ಪಿಸಿಕೊಂಡರೆ ಒಪ್ಪಬಾರದು. ಇನ್ನು ಟಿಸಿಎಸ್. ಹತ್ತು ಲಕ್ಷ ಮೀರಿದ ಕಾರಿಗೆ ಶೇ 1 ಹಿಡಿಯುತ್ತಾರೆ. ಅದು ಖರ್ಚಲ್ಲ, ನಮ್ಮ ಪ್ಯಾನ್ ಮೇಲೆ ಜಮಾ ಆಗುವ ಹಣ. ರಿಟರ್ನ್ ತುಂಬುವಾಗ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಇದನ್ನು ಮರೆತು ಬಿಡುವವರು ನನ್ನ ಆಫೀಸಿನಲ್ಲೇ ಇದ್ದಾರೆ.

ಡೀಲರ್‌ನ ಪಾಲಿನಲ್ಲಿ ಮೊದಲನೆಯದು ವಿಮೆ. ಶೋರೂಮಿನ ವಿಮೆಯನ್ನೇ ತೆಗೆದುಕೊಳ್ಳಬೇಕೆಂಬ ನಿಯಮ ಇಲ್ಲ. ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರ ನಿಗದಿ ಮಾಡಿದ್ದು, ಎಲ್ಲಿ ಕೇಳಿದರೂ ಅಷ್ಟೇ. ಬದಲಾಗುವುದು ಸ್ವಂತ ಕಾರಿನ ಹಾನಿಯ ಭಾಗ. ಕಾರಿನ ಘೋಷಿತ ಮೌಲ್ಯ ಅಷ್ಟೇ ಇಟ್ಟು, ಝೀರೊ ಡೆಪ್ರಿಸಿಯೇಶನ್, ಎಂಜಿನ್ ರಕ್ಷಣೆ, ರಿಟರ್ನ್ ಟು ಇನ್‌ವಾಯ್ಸ್ ಎಲ್ಲ ಸೇರಿಸಿ ಹೊರಗೆ ಕೇಳಿದಾಗ ಬಂದದ್ದು 1.48 ಲಕ್ಷ. 67 ಸಾವಿರ ವ್ಯತ್ಯಾಸ. ಎರಡನೆಯದು ಹ್ಯಾಂಡ್ಲಿಂಗ್ ಚಾರ್ಜ್. ಗೋದಾಮಿನಿಂದ ಶೋರೂಮಿಗೆ ಕಾರು ತರುವುದಕ್ಕೆ ನಾನೇಕೆ ಬೇರೆ ಹಣ ಕೊಡಬೇಕು? ನಿಜವಾದ ನೋಂದಣಿ ಶುಲ್ಕ, ಫಾಸ್ಟ್‌ಟ್ಯಾಗ್ ಸೇರಿ ಆರು ಸಾವಿರ ಉಳಿಸಿ ಮಿಕ್ಕಿದ್ದನ್ನು ಹೊಡೆದು ಹಾಕಿದೆ.

ಗುರುವಾರ ಮೂರೂ ಉತ್ತರ ಬಂದವು. ಪುಣೆಯ ಎರಡನೇ ಡೀಲರ್ ಎಲ್ಲರಿಗಿಂತ ಕಡಿಮೆ, ನಾಲ್ಕು ಲಕ್ಷದ ಮೇಲೆ ರಿಯಾಯಿತಿ! ವಿನ್ ನಂಬರ್ ಮಾತ್ರ ಕೊಟ್ಟಿರಲಿಲ್ಲ. ಎರಡು ಸಲ ಕೇಳಿದ ಮೇಲೆ ಗೊತ್ತಾಯಿತು, ಕಾರು ತಯಾರಾಗಿ ಹನ್ನೊಂದು ತಿಂಗಳಾಗಿತ್ತು. ಬ್ಯಾಡಗಿಯಲ್ಲಿ ಇದಕ್ಕೆ ಕೋಲ್ಡ್ ಸ್ಟೋರೇಜ್ ಮಾಲು ಅನ್ನುತ್ತಾರೆ. ಕೆಟ್ಟದ್ದೇನಲ್ಲ, ಆದರೆ ಹೊಸ ಮಾಲಿನ ಜತೆ ಇಟ್ಟು ದರ ಹೋಲಿಸಬಾರದು. ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲೇ ಬರುತ್ತದೆ. ನಾಳೆ ಮಾರುವಾಗ ಕೊಳ್ಳುವವನು ಮೊದಲು ನೋಡುವುದೂ ಅದನ್ನೇ. ಡಿಸೆಂಬರ್‌ನಲ್ಲಿ ಕೊಳ್ಳುವವರಂತೂ ಇದನ್ನು ಕೇಳಲೇಬೇಕು.

ಮುಂಬೈನವರು 2.80 ಲಕ್ಷ ಬಿಟ್ಟಿದ್ದರು, ನವೆಂಬರ್‌ನಲ್ಲಿ ತಯಾರಾದ ಕಾರು. ಅಥಣಿ ಹುಡುಗನ ಶೋರೂಮ್ 2.25 ಲಕ್ಷ, ಅದೂ ನವೆಂಬರ್ ಕಾರೇ. ಮೊದಲ ದಿನ ಐವತ್ತು ಸಾವಿರಕ್ಕೆ ಮ್ಯಾನೇಜರ್‌ನ ಕಾಲು ಹಿಡಿಯುತ್ತೇನೆ ಅಂದವನು ಐದೇ ದಿನದಲ್ಲಿ 2.25ಕ್ಕೆ ಬಂದಿದ್ದ. ಅಂದರೆ ಆ ಹಣ ಮೊದಲಿನಿಂದಲೂ ಅಲ್ಲಿತ್ತು. ನನಗೆ ಸಿಟ್ಟು ಬಂತು. ಅವನ ಮೇಲಿಗಿಂತ ನನ್ನ ಮೇಲೆ.

ಅದೇ ಸಂಜೆ ಅವನೇ ಫೋನ್ ಮಾಡಿದ. ‘ಸರ, ಸಿಟ್ಟ ಆಗಬ್ಯಾಡ್ರಿ. ಗಾಡಿ ಮಾರಿದ್ರ ನಮ್ಗ ಸಿಗೋದು ಅಷ್ಟಕ್ಕಷ್ಟ. ಇನ್ಶೂರೆನ್ಸ್, ಆಕ್ಸೆಸರಿ, ವಾರಂಟಿ ಹಾಕಿದ್ರನ ಇನ್ಸೆಂಟಿವ್. ತಿಂಗಳ ಟಾರ್ಗೆಟ್ ಇರ್ತೈತ್ರಿ’ ಎಂದ. ಅವನದು ಬಾಡಿಗೆ ಮನೆ, ಊರಲ್ಲಿ ತಂಗಿಯ ಓದು. ನನ್ನನ್ನು ನೋಡಿ ಅವನಿಗೆ ಆದ ಖುಷಿ ಸುಳ್ಳಲ್ಲ. ಅವನು ಕೊಟ್ಟ ಕೊಟೇಶನ್ನೂ ಅವನ ಹೊಟ್ಟೆಪಾಡು. ಎರಡೂ ಒಟ್ಟಿಗೇ ಇರಬಹುದು ಅನ್ನುವುದು ನನಗೆ ಆವರೆಗೆ ಹೊಳೆದಿರಲಿಲ್ಲ.

ನಾನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ‘ನೋಡ್ರಿ, ಮುಂಬೈನವರು 2.80 ಬರೆದು ಕೊಟ್ಟಾರ. ಸರ್ವಿಸ್‌ಗೆ ಪುಣೆನ ಅನುಕೂಲ. ನೀವು ಅಷ್ಟ ಮಾಡಿ ಬರೆದು ಕೊಟ್ರ ನಾಳೆ ಬೆಳಿಗ್ಗೆ ನಿಮ್ಮ ಕಂಪನಿ ಖಾತೆಗೆ ಹಣ ಹಾಕ್ತೀನಿ. ವಾರಂಟಿ ನಿಮ್ಮ ಕಡೆನ ತಗೋತೀನಿ. ವಿಮೆ ಹೊರಗಿಂದು.’ ಮ್ಯಾನೇಜರ್ ಮೊದಲು, ವಿಮೆ ನಮ್ಮದಿಲ್ಲದಿದ್ದರೆ ರಿಯಾಯಿತಿ ಇಲ್ಲ ಎಂದರಂತೆ. ಹಾಗಿದ್ದರೆ ಅದನ್ನೇ ಇಮೇಲ್‌ನಲ್ಲಿ ಬರೆದು ಕೊಡಿ ಎಂದೆ. ಬರೆಯಲಿಲ್ಲ. ರಾತ್ರಿ ಒಂಬತ್ತಕ್ಕೆ 2.80 ಬಂತು.

ಕೊನೆಯ ಲೆಕ್ಕ ಹೀಗೆ. ರಿಯಾಯಿತಿ 2.80 ಲಕ್ಷ, ವಿಮೆಯಲ್ಲಿ 67 ಸಾವಿರ, ಹ್ಯಾಂಡ್ಲಿಂಗ್‌ನಲ್ಲಿ 34 ಸಾವಿರ. ಒಟ್ಟು 3.81 ಲಕ್ಷ. ಇದು ನಿಜವಾಗಿ ಇಳಿದ ಬೆಲೆ. ಆಕ್ಸೆಸರಿ ಕಿಟ್‌ನಲ್ಲಿ ಮ್ಯಾಟ್, ಮಡ್ ಫ್ಲ್ಯಾಪ್ ಬಿಟ್ಟು 70 ಸಾವಿರ, ಸರ್ವಿಸ್ ಪ್ಯಾಕೇಜ್ ಬಿಟ್ಟು ಬರೀ ವಾರಂಟಿ ತೆಗೆದುಕೊಂಡಿದ್ದರಿಂದ 75 ಸಾವಿರ. ಇದು ನಾನು ಕೊಳ್ಳದೇ ಉಳಿಸಿದ್ದು. ಎಲ್ಲ ಸೇರಿ 5.26 ಲಕ್ಷ. ಅಪ್ಪನ ಮೂರು ಎಕರೆಯಲ್ಲಿ ಖರ್ಚು ಕಳೆದು ಇಷ್ಟು ಉಳಿಯಬೇಕಾದರೆ ಎರಡು ಒಳ್ಳೆಯ ವರ್ಷ ಬೇಕು. ಒಂದು ಕಪ್ ಚಹಾದ ಮುಲಾಜಿಗೆ ಅದನ್ನು ಬಿಟ್ಟು ಬರುತ್ತಿದ್ದೆ.

ಎಲ್ಲ ಕಂಪನಿಗಳಲ್ಲೂ ಹೀಗೆ ಡೀಲರ್ ಡೀಲರ್‌ಗೆ ದರ ಬೇರೆಯಾಗುವುದಿಲ್ಲ. ಮರ್ಸಿಡಿಸ್ ಬೆಂಜ್ 2021ರಿಂದ ಭಾರತದಲ್ಲಿ ಗ್ರಾಹಕರಿಗೆ ತಾನೇ ನೇರವಾಗಿ ಬಿಲ್ ಮಾಡುತ್ತಿದೆ, ಬೆಲೆ ಎಲ್ಲ ಕಡೆ ಒಂದೇ. ಅಂಥ ಕಡೆ ವಿಮೆ, ಆಕ್ಸೆಸರಿ, ಹಳೆಯ ಕಾರಿನ ಎಕ್ಸ್‌ಚೇಂಜ್ ಬೆಲೆ ಇವುಗಳ ಮೇಲೆ ಕಣ್ಣಿಡಬೇಕು.

ನಮ್ಮಂಥ ಪರ ಊರಿನವರಿಗೆ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ: ನಂಬರ್ ಪ್ಲೇಟ್ ಎಲ್ಲಿಯದು? ಇಪ್ಪತ್ತು ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಮಹಾರಾಷ್ಟ್ರದಲ್ಲಿ ಶೇ 13 ತೆರಿಗೆ, ಕರ್ನಾಟಕದಲ್ಲಿ ಶೇ 18 ಮತ್ತು ಅದರ ಮೇಲೆ ಸೆಸ್. ಇಲ್ಲಿ ಕಟ್ಟಿ ಆಮೇಲೆ ಊರಿಗೆ ಮರಳಿದರೆ, ಹನ್ನೆರಡು ತಿಂಗಳು ಮೀರಿ ಅಲ್ಲೇ ಇಟ್ಟುಕೊಳ್ಳುವಾಗ ಮರುನೋಂದಣಿ ಮಾಡಿಸಿ ಅಲ್ಲಿಯ ತೆರಿಗೆ ಕಟ್ಟಬೇಕು, ಇಲ್ಲಿಯದನ್ನು ವಾಪಸ್ ಪಡೆಯಲು ಅರ್ಜಿ ಹಿಡಿದು ಓಡಾಡಬೇಕು. ನಾಲ್ಕು ಅಥವಾ ಹೆಚ್ಚು ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಕಚೇರಿ ಇರುವ ಖಾಸಗಿ ಕಂಪನಿಯ ನೌಕರರಿಗೆ 2021ರಲ್ಲಿ ಬಂದ ಬಿಎಚ್ ಸರಣಿ ಇದೆ. ಜೀವಾವಧಿ ತೆರಿಗೆ ಬದಲು ಎರಡೆರಡು ವರ್ಷದ ಕಂತು. ರಾಜ್ಯ ಬದಲಾದರೂ ನಂಬರ್ ಬದಲಾಗದು. ಕಂಪನಿಯಿಂದ ಫಾರ್ಮ್ 60 ಬೇಕು. ‘ಬಿಎಚ್ ಬಹಳ ತಲೆನೋವು ಸರ್’ ಎಂದು ಶೋರೂಮಿನವರು ಎಳೆದಾಡಿದರು. ಆದರೂ ನಾನು ಅದನ್ನೇ ಮಾಡಿಸಿದೆ. ಇದನ್ನು ಉಳಿತಾಯವೆಂದು ಲೆಕ್ಕ ಹಿಡಿದಿಲ್ಲ, ತೆರಿಗೆ ಮುಂದಕ್ಕೆ ಹೋಯಿತಷ್ಟೇ. ಊರಿಗೆ ಯಾವಾಗ ಮರಳುತ್ತೀರಿ ಎಂದು ಯಾರಾದರೂ ಕೇಳಿದರೆ ನನ್ನಲ್ಲೂ ಉತ್ತರವಿಲ್ಲ. ಸದ್ಯಕ್ಕೆ ನನ್ನ ಕಾರಿನ ಪ್ಲೇಟಿನಲ್ಲೂ ಇಲ್ಲ.

ಡಿಸೆಂಬರ್ ಕೊನೆಯ ವಾರ ಡೆಲಿವರಿ. ನೋಂದಣಿಗೆ ಮುಂಚೆಯೇ ಹಗಲು ಹೊತ್ತಿನಲ್ಲಿ ಹೋಗಿ ವಿನ್, ಬಣ್ಣ, ಟೈರು, ಓಡೋಮೀಟರ್ ನೋಡಿ ಬಂದಿದ್ದೆ. ಅಥಣಿ ಹುಡುಗ ಚಕ್ರದ ಕೆಳಗೆ ತಾನೇ ನಿಂಬೆಹಣ್ಣು ಇಟ್ಟ. ‘ಸರ, ನಿಮ್ಮಿಂದ ಈ ಸಲ ನಂಗೇನೂ ಉಳೀಲಿಲ್ರಿ’ ಎಂದು ನಕ್ಕ. ಆಫೀಸಿನ ಇಬ್ಬರು ಕನ್ನಡ ಗೆಳೆಯರು ಕಾರು ನೋಡುತ್ತಿದ್ದರು, ಅವರ ನಂಬರ್ ಕೊಟ್ಟೆ. ಅವರಿಗೆ ಮೊದಲೇ ಸರಿಯಾದ ಕೊಟೇಶನ್ ಕೊಡು ಎಂದೂ ಹೇಳಿದೆ.

ಸಂಕ್ರಾಂತಿಗೆ ಊರಿಗೆ ಹೊರಟೆವು. ಶೋರೂಮಿನ ಎದುರು ಹಾದು ಹೋಗುವ ಹೆದ್ದಾರಿಯೇ ಕೊಲ್ಲಾಪುರ, ಬೆಳಗಾವಿ, ಹಾವೇರಿ ದಾಟಿ ಮೋಟೆಬೆನ್ನೂರಿಗೆ ಹೋಗುತ್ತದೆ. ಅಲ್ಲಿ ಬಲಕ್ಕೆ ತಿರುಗಿದರೆ ಬ್ಯಾಡಗಿ. ಅಪ್ಪ ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ ಮೇಲೆ ಕೈ ಇಟ್ಟರು. ಬೆಲೆ ಕೇಳಲಿಲ್ಲ.

‘ಎಷ್ಟ ಮಂದಿ ಟೆಂಡರ್ ಹಾಕಿದ್ರು?’

‘ಮೂರು.’

‘ಕಮ್ಮಿ ಆತು’ ಎಂದರು.

ಅಥಣಿ ಹುಡುಗನಿಗೆಂದು ಎರಡು ಕಿಲೋ ಡಬ್ಬಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಂದೆ. ಅದಕ್ಕೆ ಹಣ ಕೊಡಲು ಬಂದ. ತೆಗೆದುಕೊಳ್ಳಲಿಲ್ಲ.