ಟಿನ್‌ಟಿನ್‌ನ ಅಪ್ಪನಿಗೆ ಪಾಠ ಹೇಳಿದ ಗೆಳೆಯ

ಮಕ್ಕಳೇ, ಹಣೆಯ ಮೇಲೆ ಎದ್ದು ನಿಂತ ಜುಟ್ಟಿನ ಹುಡುಗ, ಜೊತೆಗೊಂದು ಬಿಳಿ ನಾಯಿ ಎಂದರೆ ಸಾಕು, ನಿಮ್ಮಲ್ಲಿ ಹಲವರು ‘ಟಿನ್‌ಟಿನ್!’ ಎಂದು ಕೂಗುತ್ತೀರಿ. ನನ್ನಂಥ ಅಜ್ಜಂದಿರಿಗೂ ಅವನ ಪರಿಚಯವುಂಟು. ಲೆಕ್ಕ ಹಾಕಿದರೆ ಅವನು ನನಗಿಂತ ಹಿರಿಯ! ಓದುಗರ ಮುಂದೆ ಮೊದಲು ಬಂದದ್ದು 1929ರ ಜನವರಿ 10ರಂದು. ಆದರೂ ಅವನಿಗೆ ಇನ್ನೂ ಮೀಸೆ ಮೂಡಿಲ್ಲ.

ಅವನನ್ನು ಸೃಷ್ಟಿಸಿದವರು ಜಾರ್ಜ್ ರೆಮಿ. ಹುಟ್ಟಿದ್ದು 1907ರ ಮೇ 22ರಂದು, ಬೆಲ್ಜಿಯಂ ದೇಶದ ಬ್ರಸೆಲ್ಸ್‌ನಲ್ಲಿ. ಶಾಲೆಯ ನೋಟ್‌ಬುಕ್ಕಿನ ಅಂಚಿನಲ್ಲೆಲ್ಲ ಚಿತ್ರ ಗೀಚುತ್ತಿದ್ದ ಹುಡುಗ. ಜಾರ್ಜ್ ರೆಮಿಯ ಮೊದಲ ಅಕ್ಷರಗಳು ಜಿ ಮತ್ತು ಆರ್. ಇವನ್ನು ತಿರುಗಿಸಿದರೆ ಆರ್, ಜಿ. ಫ್ರೆಂಚರು ಅದನ್ನು ‘ಎರ್ ಜೇ’ ಎನ್ನುತ್ತಾರೆ. ಹಾಗಾಗಿ ಅವರ ಅಂಕಿತ ‘ಎರ್ಜೆ’ ಆಯಿತು. ನಿಮ್ಮ ಹೆಸರನ್ನೂ ಹೀಗೆ ತಿರುಗಿಸಿ ನೋಡಿ, ಏನು ಬರುತ್ತದೋ!

ಬ್ರಸೆಲ್ಸ್‌ನ ಒಂದು ದಿನಪತ್ರಿಕೆಯ ಮಕ್ಕಳ ಪುರವಣಿಗೆ ಎರ್ಜೆ ವಾರ ವಾರವೂ ಟಿನ್‌ಟಿನ್ ಕಥೆ ಬರೆಯುತ್ತಿದ್ದರು. ಮೊದಲ ಕಥೆ ರಷ್ಯಾದ್ದು, ಎರಡನೆಯದು ಆಫ್ರಿಕಾದ ಕಾಂಗೋದ್ದು. ಆ ದೇಶಗಳನ್ನು ಅವರು ಕಂಡವರಲ್ಲ. ಅವರಿವರು ಹೇಳಿದ್ದನ್ನೇ ನಂಬಿ ಬರೆದರು. ಕಾಂಗೋ ಆಗ ಬೆಲ್ಜಿಯಂನ ಆಳ್ವಿಕೆಯಲ್ಲಿತ್ತು. ಅಲ್ಲಿನ ಜನರನ್ನು ಪೆದ್ದರಂತೆ ಚಿತ್ರಿಸಿದ ಆ ಪುಸ್ತಕವನ್ನು ಇಂದು ಓದಿದರೆ ಬೇಸರವಾಗುತ್ತದೆ. ಅದು ತಮ್ಮ ಎಳವೆಯ ತಪ್ಪು ಎಂದು ಮುಂದೆ ಎರ್ಜೆಯವರೇ ಒಪ್ಪಿಕೊಂಡರು.

1934ರಲ್ಲಿ ಟಿನ್‌ಟಿನ್ ಇನ್ನು ಚೀನಾಕ್ಕೆ ಹೋಗುತ್ತಾನೆ ಎಂಬ ಸುದ್ದಿ ಹೊರಬಿತ್ತು. ಬೆಲ್ಜಿಯಂನಲ್ಲಿ ಓದುತ್ತಿದ್ದ ಚೀನೀ ವಿದ್ಯಾರ್ಥಿಗಳ ಯೋಗಕ್ಷೇಮ ನೋಡುತ್ತಿದ್ದ ಒಬ್ಬ ಪಾದ್ರಿ ಎರ್ಜೆಗೆ ಕಾಗದ ಬರೆದರು: ಚೀನಾದ ಬಗ್ಗೆ ಸರಿಯಾಗಿ ತಿಳಿದುಕೊಂಡು ಬರೆಯಿರಿ ಎಂದು. ಹೀಗೆ ಪರಿಚಯವಾದವನು ಚಾಂಗ್ ಚೊಂಗ್‌ರೆನ್. ಬ್ರಸೆಲ್ಸ್‌ನ ಕಲಾಶಾಲೆಯಲ್ಲಿ ಶಿಲ್ಪ ಕಲಿಯುತ್ತಿದ್ದ ತರುಣ. ಅವನೂ 1907ರಲ್ಲೇ ಹುಟ್ಟಿದವನು.

ಚಾಂಗ್ ತನ್ನ ದೇಶದ ಚರಿತ್ರೆ, ಕವಿತೆ, ಕಲೆಗಳ ಬಗ್ಗೆ ಹೇಳಿದ. ಕುಂಚ ಹಿಡಿಯುವ ಬಗೆ ತೋರಿಸಿದ. ಜಪಾನಿನ ಸೇನೆ ಚೀನಾದೊಳಗೆ ನುಗ್ಗುತ್ತಿದ್ದ ಸಂಕಟವನ್ನೂ ವಿವರಿಸಿದ. ಆಗ ಮೂಡಿಬಂದ ಕಥೆಯೇ ‘ನೀಲಿ ಕಮಲ’. ಅದರಲ್ಲಿ ಟಿನ್‌ಟಿನ್ ಪ್ರವಾಹದಲ್ಲಿ ಮುಳುಗುತ್ತಿದ್ದ ಹುಡುಗನೊಬ್ಬನನ್ನು ಕಾಪಾಡುತ್ತಾನೆ. ಅವನ ಹೆಸರೂ ಚಾಂಗ್! ಯುರೋಪಿನವರು ಚೀನೀಯರ ಬಗ್ಗೆ ಏನೇನು ಕಟ್ಟುಕಥೆ ನಂಬಿದ್ದಾರೆಂದು ಟಿನ್‌ಟಿನ್ ಹೇಳಿದಾಗ ಆ ಹುಡುಗ ಬಿದ್ದು ಬಿದ್ದು ನಗುತ್ತಾನೆ.

ಅಂದಿನಿಂದ ಎರ್ಜೆಯ ಕೆಲಸದ ರೀತಿಯೇ ಬದಲಾಯಿತು. ಮೊದಲು ತಿಳಿ, ಆಮೇಲೆ ಬರೆ. ಹಡಗು, ಕಾರು, ಉಡುಪು ಯಾವುದೇ ಇರಲಿ, ಫೋಟೊ ಹುಡುಕಿ ನೋಡಿಯೇ ಗೆರೆ ಎಳೆಯುತ್ತಿದ್ದರು. ಚಂದ್ರನ ಮೇಲಿನ ಕಥೆಗಾಗಿ ವಿಜ್ಞಾನದ ಪುಸ್ತಕಗಳನ್ನು ಓದಿದರು, ರಾಕೆಟ್ಟಿನ ಮಾದರಿ ಮಾಡಿಸಿಟ್ಟುಕೊಂಡರು. ಆ ಪುಸ್ತಕ ಬಂದದ್ದು 1954ರಲ್ಲಿ. ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟದ್ದು ಅದಾಗಿ 15 ವರ್ಷಕ್ಕೆ!

ಇತ್ತ ಚಾಂಗ್ ತಾಯ್ನಾಡಿಗೆ ಮರಳಿದ್ದ. ಯುದ್ಧ ಬಂತು, ಸಂಪರ್ಕ ಕಡಿಯಿತು. ಗೆಳೆಯ ಬದುಕಿದ್ದಾನೋ ಇಲ್ಲವೋ ತಿಳಿಯದು. ಅಂಥ ಕಾಲದಲ್ಲಿ ಎರ್ಜೆ ‘ಟಿಬೆಟ್ಟಿನಲ್ಲಿ ಟಿನ್‌ಟಿನ್’ ಬರೆದರು. ಹಿಮಾಲಯದಲ್ಲಿ ವಿಮಾನ ಬಿದ್ದು ಚಾಂಗ್ ಸತ್ತನೆಂದು ಎಲ್ಲರೂ ಹೇಳುತ್ತಾರೆ. ಟಿನ್‌ಟಿನ್ ಒಬ್ಬನೇ ನಂಬುವುದಿಲ್ಲ, ಹುಡುಕಿ ಹೊರಡುತ್ತಾನೆ. ದಾರಿಯಲ್ಲಿ ನಮ್ಮ ದೆಹಲಿಯೂ ಸಿಗುತ್ತದೆ. ಕುತುಬ್ ಮಿನಾರ್, ಕೆಂಪುಕೋಟೆ ನೋಡುತ್ತಾರೆ. ಬೀದಿಯಲ್ಲಿ ಮಲಗಿದ್ದ ಹಸುವನ್ನು ದಾಟಲು ಹೋದ ಕ್ಯಾಪ್ಟನ್ ಹ್ಯಾಡಕ್ ಅದರ ಬೆನ್ನ ಮೇಲೇ ಸವಾರಿ ಹೋಗುವ ಪುಟ ಬಂದಾಗಲೆಲ್ಲ ನಮ್ಮ ಮನೆಯಲ್ಲಿ ನಗುವೋ ನಗು.

ಆ ಪುಸ್ತಕ ಮುಗಿದಾಗ ನನ್ನ ಮೊಮ್ಮಗಳು, “ತಾತಾ, ಇದರಲ್ಲಿ ಕಳ್ಳ ಯಾರು?” ಎಂದಳು. ಒಳ್ಳೆಯ ಪ್ರಶ್ನೆ. ಇದರಲ್ಲಿ ಕಳ್ಳನೇ ಇಲ್ಲ! ಎಲ್ಲರೂ ಹೆದರುವ ಹಿಮಮಾನವ ಯೇತಿಯೇ ಚಾಂಗ್‌ನನ್ನು ಸಾಕಿ ಸಲಹಿರುತ್ತಾನೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಟಿನ್‌ಟಿನ್ ಕಥೆ ಇದೇ.

ನಿಜ ಬದುಕಿನ ಚಾಂಗ್ ಏನಾದ? ಅವನು ಬದುಕಿದ್ದ, ಚೀನಾದಲ್ಲಿ ಶಿಲ್ಪಿಯಾಗಿದ್ದ. ಬಹಳ ಹುಡುಕಾಟದ ಮೇಲೆ ವಿಳಾಸ ಸಿಕ್ಕಿತು. 1981ರಲ್ಲಿ ಬ್ರಸೆಲ್ಸ್‌ಗೆ ಬಂದಿಳಿದ. ಸುಮಾರು 46 ವರ್ಷಗಳ ನಂತರ, ತಲೆ ನರೆತ ಇಬ್ಬರು ಗೆಳೆಯರು ಅಪ್ಪಿಕೊಂಡರು. ಎರಡು ವರ್ಷಕ್ಕೆ, 1983ರ ಮಾರ್ಚ್ 3ರಂದು, ಎರ್ಜೆ ತೀರಿಕೊಂಡರು.

ಮಕ್ಕಳೇ, ‘ನೀಲಿ ಕಮಲ’ ಕೈಗೆ ಸಿಕ್ಕರೆ ಬೀದಿಯ ಚಿತ್ರಗಳನ್ನು ನಿಧಾನವಾಗಿ ನೋಡಿ. ಗೋಡೆಗಳ ಮೇಲೆ, ಅಂಗಡಿ ಫಲಕಗಳ ಮೇಲೆ ಇರುವ ಚೀನೀ ಅಕ್ಷರಗಳು ಸುಮ್ಮನೆ ಗೀಚಿದವಲ್ಲ. ಓದಿದರೆ ಅರ್ಥವಾಗುವ ನಿಜವಾದ ಮಾತುಗಳು. ಬರೆದುಕೊಟ್ಟವನು ಚಾಂಗ್.